ಒಂಬತ್ತು ವಿಕೆಟ್ ಬಿದ್ದ ಮೇಲೆ

1999ರ ಫೆಬ್ರವರಿ 7, ಭಾನುವಾರ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹತ್ತಿರ ಆಗ ಒಂದು ಟಿವಿ ರಿಪೇರಿ ಅಂಗಡಿ ಇತ್ತು. ರಿಪೇರಿಗೆಂದು ಬಂದ ಸೆಟ್ಟುಗಳಲ್ಲೇ ಸರಿಯಾದ ಒಂದನ್ನು ಬೀದಿಗೆ ಮುಖ ಮಾಡಿಟ್ಟು, ಮ್ಯಾಚ್ ಇದ್ದ ದಿನ ಹಾಕಿಬಿಡುತ್ತಿದ್ದರು. ಹಾಸನದ ಬಸ್ಸು, ಬೆಂಗಳೂರಿನ ಬಸ್ಸು ಬಂದು ಹೋದರೂ ಹತ್ತದೆ ನಿಂತವರು ಆ ದಿನ ಮೂವತ್ತು ನಲವತ್ತು ಮಂದಿ ಇದ್ದೆವು. ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನ 420 ರನ್ ಬೆನ್ನಟ್ಟಿ, ಒಂದೂ ವಿಕೆಟ್ ಕೊಡದೆ ನೂರು ದಾಟಿ, ಆಮೇಲೆ ಅನಿಲ್ ಕುಂಬ್ಳೆಯ ಕೈಗೆ ಸಿಕ್ಕಿ ಒಂದೊಂದಾಗಿ ಉದುರಿತ್ತು. ಒಂಬತ್ತು ವಿಕೆಟ್ ಬಿದ್ದಿದ್ದವು. ಒಂಬತ್ತೂ ಕುಂಬ್ಳೆಯವೇ.

ಆಗ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಚೆಂಡು ಹಿಡಿದು ಬಂದರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ. ಆದರೆ ಹೆಸರಿನ ಮುಂದೆ ಕೂತಿರುವ ಊರು ನಮ್ಮ ಜಿಲ್ಲೆಯದು, ಪಕ್ಕದ ಅರಸೀಕೆರೆ ತಾಲ್ಲೂಕಿನ ಜಾವಗಲ್. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು. ಹಾಗಾಗಿ ಅವರನ್ನು ಹೊಗಳುವುದಕ್ಕೂ ಬೈಯುವುದಕ್ಕೂ ನಮಗೆ ಉಳಿದವರಿಗಿಂತ ಒಂದು ಹಿಡಿ ಹೆಚ್ಚು ಹಕ್ಕಿದೆ ಅಂತ ನಾವೆಲ್ಲ ತಿಳಿದಿದ್ದೆವು. ಚೆಂಡು ಆಫ್ ಸ್ಟಂಪಿನಿಂದ ಮಾರು ದೂರ ಹೋಯಿತು. ಅಂಪೈರ್ ಎರಡೂ ಕೈ ಚಾಚಿದರು. ಮತ್ತೊಂದು ಚೆಂಡು, ಅದೂ ದೂರ. ಮುಂದೆ ನಿಂತಿದ್ದ ಹುಡುಗನೊಬ್ಬ ಸಿಟ್ಟಾದ. ‘ಏನಣ್ಣ ಇದು, ವಿಕೆಟ್ ಬಿಟ್ಟು ಅತ್ಲಾಗೆ ಹಾಕ್ತಾವ್ನೆ, ಕೈ ಸೋತೋಯ್ತಾ?’

ಪಕ್ಕದಲ್ಲಿ ಬೀಡಿ ಹಿಡಿದು ನಿಂತಿದ್ದ ಹಿರಿಯರೊಬ್ಬರು ಟಿವಿಯಿಂದ ಕಣ್ಣು ಕೀಳದೆ ಹೇಳಿದರು: ‘ಸುಮ್ನಿರ್ಲಾ. ಬಿಟ್‌ಕೊಡ್ತಾವ್ನೆ ಅವ್ನು.’

ವೇಗದ ಬೌಲರ್ ಆದವನು ವಿಕೆಟ್‌ಗಾಗಿಯೇ ಹುಟ್ಟಿದವನು. ಎದುರಿಗೆ ಪಾಕಿಸ್ತಾನದ ಕೊನೆಯ ಬ್ಯಾಟ್ಸ್‌ಮನ್ ಇದ್ದಾನೆ. ಒಂದು ವಾರದ ಹಿಂದೆ ಚೆನ್ನೈಯಲ್ಲಿ ಇದೇ ತಂಡದ ಎದುರು 12 ರನ್‌ನಿಂದ ಸೋತ ಹುಣ್ಣು ಇನ್ನೂ ಹಸಿಯಾಗಿದೆ. ಅಂಥ ಹೊತ್ತಿನಲ್ಲಿ ಬೇಕೆಂದೇ ವಿಕೆಟ್ ತೆಗೆಯದಿರುವುದನ್ನು ಒಬ್ಬ ಮನುಷ್ಯ ಎಲ್ಲಿ ಕಲಿಯುತ್ತಾನೆ? ಗೆಳೆತನ ಅಂದುಬಿಟ್ಟರೆ ಮಾತು ಮುಗಿಯಿತು. ಅಲ್ಲಿ ಗೆಳೆತನಕ್ಕಿಂತ ಹಳೆಯದಾದ ಒಂದು ಮನೆತನದ ರೂಢಿ ಇತ್ತು ಎಂಬುದು ನನ್ನ ಎಣಿಕೆ. ಆ ಮನೆಯ ಹೆಸರು ಕರ್ನಾಟಕ ರಣಜಿ ತಂಡ.

ಆ ಮನೆಯ ಚರಿತ್ರೆ ಶುರುವಾಗುವುದು ಮರ್ಯಾದೆ ಹೋದ ಒಂದು ದಿನದಿಂದ. ಒಂದು ದಿನ ಅಂದರೆ ನಿಜವಾಗಿ ಒಂದೇ ದಿನ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ, ಮದರಾಸಿಗೂ ಮೈಸೂರಿಗೂ. ಮೈಸೂರು 48ಕ್ಕೆ ಆಲೌಟ್. ಮದರಾಸು 130. ಮೈಸೂರು ಮತ್ತೆ 59ಕ್ಕೆ ಆಲೌಟ್. ಎ.ಜಿ. ರಾಮ್‌ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ಸಂಜೆ ದೀಪ ಹಚ್ಚುವ ಮೊದಲೇ ಎಲ್ಲ ಮುಗಿದಿತ್ತು. ಹಿಂದಿನ ವರ್ಷವಷ್ಟೇ, 1933ರಲ್ಲಿ, ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆ ಹುಟ್ಟಿತ್ತು. ಮಗುವಿನ ಮೊದಲ ಹೆಜ್ಜೆಯೇ ಎಡವಿತು ಅನ್ನಬೇಕು.

ಆಮೇಲಿನ ನಲವತ್ತು ವರ್ಷ ಹೆಚ್ಚು ಬಣ್ಣಿಸುವಂಥದ್ದಲ್ಲ. 1941-42ರಲ್ಲಿ ಒಮ್ಮೆ, 1959-60ರಲ್ಲಿ ಇನ್ನೊಮ್ಮೆ ಮೈಸೂರು ಫೈನಲ್ ತಲುಪಿತು. ಎರಡು ಸಲವೂ ಬಾಂಬೆಯ ಎದುರು ಇನ್ನಿಂಗ್ಸ್ ಸೋಲು. 1958-59ರಿಂದ ಶುರುಮಾಡಿ 1972-73ರವರೆಗೆ ಬಾಂಬೆ ಒಂದಾದ ಮೇಲೊಂದು ಹದಿನೈದು ಸಲ ಕಪ್ ಗೆದ್ದಿತು. ಮಗ ಹುಟ್ಟಿ ಹೈಸ್ಕೂಲು ಮುಗಿಸುವಷ್ಟು ಕಾಲ ಒಂದೇ ಊರಿನ ಗೆಲುವು! ಉಳಿದ ರಾಜ್ಯಗಳು ರಣಜಿ ಆಡುತ್ತಿದ್ದದ್ದು ಎರಡನೇ ಸ್ಥಾನ ಯಾರಿಗೆ ಎಂದು ತೀರ್ಮಾನಿಸುವುದಕ್ಕೆ.

ಅಷ್ಟರಲ್ಲಿ ಇಲ್ಲಿ ಸದ್ದಿಲ್ಲದೆ ಒಂದು ತಂಡ ಕೂಡಿಬರುತ್ತಿತ್ತು. ಅದನ್ನು ಕೂಡಿಸಿದ್ದು ಯಾವ ದೊಡ್ಡ ಯೋಜನೆಯೂ ಅಲ್ಲ. ಎರಪಳ್ಳಿ ಪ್ರಸನ್ನ ಎಂಬ ಆಫ್ ಸ್ಪಿನ್ನರ್ 1962ರಲ್ಲಿ ವೆಸ್ಟ್ ಇಂಡೀಸಿಗೆ ಹೋಗಿಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಬೇಕೆಂದು ಭಾರತದ ಟೆಸ್ಟ್ ತಂಡವನ್ನೇ ವರ್ಷಗಟ್ಟಲೆ ಬಿಟ್ಟು ಕೂತರು. ಇವತ್ತು ಇದನ್ನು ಯಾವ ಹುಡುಗನಿಗೆ ಹೇಳಿದರೂ ನಂಬುವುದಿಲ್ಲ. ಬಿ.ಎಸ್. ಚಂದ್ರಶೇಖರ್‌ಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸಣಕಲಾಗಿತ್ತು. ಆ ಕೈಯಿಂದಲೇ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್‌ಗೆ ಇಂಗ್ಲೆಂಡಿನ ಆರು ವಿಕೆಟ್ ತೆಗೆದರು. ಭದ್ರಾವತಿಯಿಂದ ಬಂದ ಗುಂಡಪ್ಪ ವಿಶ್ವನಾಥ್ ಎತ್ತರದಲ್ಲಿ ಗಿಡ್ಡ. 1967ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದ ಮೇಲೆ ಎತ್ತರದ ಮಾತು ನಿಂತಿತು. ಬ್ರಿಜೇಶ್ ಪಟೇಲ್ ಇದ್ದರು, ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ. ಇವರೆಲ್ಲ ಓದು, ಬ್ಯಾಂಕು, ಕಾರ್ಖಾನೆ ಎಂದು ಹೊಟ್ಟೆಪಾಡಿನ ಲೆಕ್ಕ ಇಟ್ಟುಕೊಂಡೇ ಆಡಿದ ತಲೆಮಾರು. ಕ್ರಿಕೆಟ್ಟು ಬದುಕಿನ ಒಂದು ಭಾಗ, ಬದುಕೇ ಅಲ್ಲ ಎಂಬ ಅಳತೆ ಅವರಲ್ಲಿತ್ತು. ಆ ಅಳತೆ ಮುಂದಿನವರಿಗೂ ಇಳಿಯಿತು: ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ಎಂಜಿನಿಯರುಗಳೇ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೊಸ ಹೆಸರು ಹೊತ್ತ ಮೊದಲ ಋತುವಿನಲ್ಲೇ ತಂಡ ಸೆಮಿಫೈನಲ್ ತಲುಪಿತು. ಎದುರಿಗೆ ಮತ್ತೆ ಬಾಂಬೆ, ಜಾಗ ಬೆಂಗಳೂರು. ನಾಯಕ ಪ್ರಸನ್ನ.

1974ರ ಮಾರ್ಚ್‌ನ ಆ ಪಂದ್ಯದ ಕಥೆಯಲ್ಲಿ ಒಂದು ಮುಳ್ಳಿದೆ, ಅದನ್ನು ಮುಚ್ಚಿಡಬಾರದು. ವಿಶ್ವನಾಥ್ ಎದುರಿಸಿದ ಮೊದಲ ಚೆಂಡೇ ಅಬ್ದುಲ್ ಇಸ್ಮಾಯಿಲ್‌ರದು, ಕಾಲಿಗೆ ಬಡಿಯಿತು. ಬಾಂಬೆಯ ಹನ್ನೊಂದು ಮಂದಿಯೂ ಕೂಗಿದರು. ಅಂಪೈರ್ ಔಟಿಲ್ಲ ಅಂದರು. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ 106. ಕರ್ನಾಟಕ 385. ಆ ಚೆಂಡನ್ನು ಬಾಂಬೆಯವರು ಮರೆಯಲೇ ಇಲ್ಲ. ಮರೆಯಬೇಕೆಂದು ನಾವು ಹೇಳುವುದೂ ತಪ್ಪು.

ಅವರ ಸರದಿಯಲ್ಲಿ ಸುನಿಲ್ ಗಾವಸ್ಕರ್ ನೆಲೆಯೂರಿ ನಿಂತಾಗ ಪ್ರಸನ್ನ ಬೌಲ್ಡ್ ಮಾಡಿದರು. ಚೆಂಡನ್ನು ಗಾಳಿಯಲ್ಲಿ ತೂಗಿ, ಬ್ಯಾಟ್ಸ್‌ಮನ್‌ಗೆ ಹತ್ತಿರ ಬಂತೆಂದು ತೋರಿಸಿ, ಗೇಣು ಹಿಂದೆಯೇ ಇಳಿಸುವುದು ಪ್ರಸನ್ನರ ವಿದ್ಯೆ. ಅಜಿತ್ ವಾಡೇಕರ್ ಗಟ್ಟಿಯಾಗಿ ಆಡುತ್ತಿದ್ದವರು ಓಡುವಾಗ ಕಾಲು ಜಾರಿ ರನೌಟ್ ಆದರು. ಬಾಂಬೆ 307ಕ್ಕೆ ನಿಂತಿತು. ಮೊದಲ ಇನ್ನಿಂಗ್ಸಿನ 78 ರನ್ ಮುನ್ನಡೆ, ಅಷ್ಟೇ. ಹದಿನೈದು ವರ್ಷದ ಸಾಮ್ರಾಜ್ಯ ಒಂದು ಅಂಪೈರ್ ತೀರ್ಪು, ಒಂದು ಜಾರಿದ ಬೂಟು ಮತ್ತು ಇಬ್ಬರು ಸ್ಪಿನ್ನರುಗಳ ಮೇಲೆ ಮುಗಿಯಿತು. ಫೈನಲ್ ಜೈಪುರದಲ್ಲಿ. ರಾಜಸ್ಥಾನವನ್ನು 185 ರನ್‌ನಿಂದ ಸೋಲಿಸಿ ಪ್ರಸನ್ನ ಕಪ್ ತಂದರು. ಹೆಸರು ಬದಲಾಯಿಸಿದ್ದೇ ಶುಭವಾಯಿತು ಎಂದು ಆಗ ಎಷ್ಟು ಮಂದಿ ಅಂದುಕೊಂಡರೋ.

ಒಂದು ಸಲ ಗೆಲ್ಲುವುದಕ್ಕೆ ಅದೃಷ್ಟ ಸಾಕು. ಅದೃಷ್ಟ ಬಂದ ಮೇಲೆ ಏನು ಮಾಡಿದರು ಎಂಬಲ್ಲಿಂದ ಈ ತಂಡದ ಗುಣ ಗೊತ್ತಾಗುತ್ತದೆ. 1977-78ರಲ್ಲಿ ಮೋಹನ್‌ನಗರದಲ್ಲಿ ಉತ್ತರ ಪ್ರದೇಶವನ್ನು ಇನ್ನಿಂಗ್ಸ್ ಮತ್ತು 193 ರನ್‌ನಿಂದ ಸೋಲಿಸಿ ಎರಡನೇ ಕಪ್. ಅಲ್ಲಿ ವಿಶ್ವನಾಥ್ 247. 1982-83ರಲ್ಲಿ ಬಾಂಬೆಯ ಅಂಗಳಕ್ಕೇ ಹೋಗಿ, ಅವರನ್ನೇ ಮೊದಲ ಇನ್ನಿಂಗ್ಸಿನಲ್ಲಿ ಹಿಂದೆ ಹಾಕಿ ಮೂರನೆಯದು. ನಡುವೆ ದಿಲ್ಲಿಯ ಕೈಲಿ ತಿಂದ ಪೆಟ್ಟುಗಳೂ ಇವೆ. ಅದರಲ್ಲಿ ಒಂದು ಇಂದಿಗೂ ನಂಬಲು ಕಷ್ಟ. 1981-82ರ ಫೈನಲ್‌ನಲ್ಲಿ, ಇದೇ ಕೋಟ್ಲಾ ಮೈದಾನದಲ್ಲಿ, ಕರ್ನಾಟಕ 705 ರನ್ ಪೇರಿಸಿಯೂ ಕಪ್ ಕಳೆದುಕೊಂಡಿತು. ದಿಲ್ಲಿ ಎಂಟು ವಿಕೆಟ್‌ಗೆ 707 ಮಾಡಿತು! ಕೊನೆಯಲ್ಲಿ ನಿಂತು ಗೆಲ್ಲಿಸಿದವರು ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಎಂಬ ಬಾಲಂಗೋಚಿ ಜೋಡಿ. ಏಳು ನೂರು ಹೊಡೆದು ಸೋತವನ ಮನಸ್ಸು ಹೇಗಿರುತ್ತದೆ ಎಂದು ರಾಗಿ ಕಣದಲ್ಲಿದ್ದಾಗ ಮಳೆ ಹೊಡೆಸಿಕೊಂಡ ನಮ್ಮ ಕಡೆಯ ರೈತನನ್ನು ಕೇಳಬೇಕು.

ವಿಶ್ವನಾಥರ ಇನ್ನೊಂದು ಲೆಕ್ಕ 1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲೇ ಚುಕ್ತಾ ಆಯಿತು. ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಇಂಗ್ಲೆಂಡ್ ಎದುರು, ನಾಯಕ ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಬ್ಯಾಟ್ ತಾಗಿಲ್ಲ ಅನ್ನಿಸಿತು. ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. 1974ರಲ್ಲಿ ಅಂಪೈರ್ ಕೊಟ್ಟದ್ದನ್ನು 1980ರಲ್ಲಿ ಬಾಂಬೆಯವರ ಊರಿನಲ್ಲೇ ಹಿಂತಿರುಗಿಸಿದರು ಎಂದು ನಾನು ಓದಿಕೊಳ್ಳುತ್ತೇನೆ. ವಿಶ್ವನಾಥ್ ಹಾಗೆ ಎಣಿಸಿರಲಿಕ್ಕಿಲ್ಲ. ಅವರಿಗೆ ಅದು ಆ ಕ್ಷಣಕ್ಕೆ ಸರಿ ಕಂಡದ್ದು, ಅಷ್ಟೇ. ಸೋತದ್ದಕ್ಕೆ ಅವರನ್ನು ಬೈದವರೂ ಉಂಟು. ನಾಯಕನಾದವನು ಸ್ವಂತದ ಒಳ್ಳೆಯತನಕ್ಕೆ ತಂಡದ ಕಾಸು ಖರ್ಚುಮಾಡಬಹುದೇ ಎಂಬ ಪ್ರಶ್ನೆ ಸಣ್ಣದಲ್ಲ.

ಈ ಪ್ರಶ್ನೆ ಹಿಡಿದುಕೊಂಡು ಒಂದು ಗಳಿಗೆ ಅಮೆರಿಕಕ್ಕೆ ಹೋಗಿಬರಬೇಕು, ಅದೂ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ. ನಮ್ಮೂರಿನಲ್ಲಿ ಕಬಡ್ಡಿ, ವಾಲಿಬಾಲ್‌ಗೆ ಜನ ಸೇರಿದಷ್ಟು ಆ ಆಟಕ್ಕೆ ಸೇರುವುದಿಲ್ಲ, ನಿಜ. ಆದರೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಎಂಬ ಊರಿನ ಸ್ಪರ್ಸ್ ತಂಡದ ಪಂಚಾಂಗ ಕರ್ನಾಟಕದ ಪಂಚಾಂಗಕ್ಕೆ ವಿಚಿತ್ರವಾಗಿ ಹೊಂದುತ್ತದೆ. ಡಲ್ಲಾಸಿನಲ್ಲಿದ್ದ ತಂಡ ಸ್ಯಾನ್ ಆಂಟೋನಿಯೊಗೆ ಬಂದು ಹೊಸ ಹೆಸರು ಪಡೆದದ್ದು 1973ರಲ್ಲಿ, ನಮ್ಮ ರಾಜ್ಯ ಹೆಸರು ಬದಲಿಸಿದ ವರ್ಷವೇ. ಅವರ ಮೊದಲ ಎನ್‌ಬಿಎ ಪಟ್ಟ 1999ರಲ್ಲಿ, ಕೊನೆಯದು 2014ರಲ್ಲಿ. ಆ ಎರಡೂ ವರ್ಷ ರಣಜಿ ಕಪ್ ಕರ್ನಾಟಕದ್ದು. ನಡುವೆ 2003, 2005, 2007ರಲ್ಲಿ ಅವರು ಇನ್ನೂ ಮೂರು ಗೆದ್ದರು, ನಾವು ಬರಿಗೈಯಲ್ಲಿ ಕೂತೆವು.

ಗ್ರೆಗ್ ಪೊಪೊವಿಚ್ ಎಂಬ, ವಾಯುಪಡೆಯಲ್ಲಿ ಪಳಗಿದ ತರಬೇತುದಾರ 1996ರಿಂದ ಸುಮಾರು ಮೂರು ದಶಕ ಆ ತಂಡವನ್ನು ನಡೆಸಿದರು. 1998ರಿಂದ 2019ರವರೆಗೆ ಸತತ 22 ವರ್ಷ ತಂಡ ನಾಕೌಟ್ ಹಂತಕ್ಕೆ ಹೋಯಿತು. ಅದೇನೂ ದೊಡ್ಡ ದುಡ್ಡಿನ, ದೊಡ್ಡ ಸಂತೆಯ ಊರಲ್ಲ. ಟಿಮ್ ಡಂಕನ್ ಆ ಕಾಲದ ಅತಿ ದೊಡ್ಡ ಆಟಗಾರ, ಹತ್ತೊಂಬತ್ತು ವರ್ಷ ಅಲ್ಲೇ ಆಡಿದರು. ಪೊಪೊವಿಚ್ ಎಲ್ಲರೆದುರು ಮೊದಲು ಗದರುತ್ತಿದ್ದದ್ದು ಆ ಡಂಕನ್‌ನನ್ನೇ. ದೊಡ್ಡ ಮಗನನ್ನು ಗದರಿದರೆ ಚಿಕ್ಕವು ತಾವಾಗಿ ಸರಿಯಾಗುತ್ತವೆ ಎಂಬ ನಮ್ಮ ಅಜ್ಜಂದಿರ ಲೆಕ್ಕವೇ. ಹೊಸಬರನ್ನು ತರಲು ಅನುಕೂಲವಾಗಲೆಂದು 2012ರಲ್ಲಿ ಡಂಕನ್ ತನ್ನ ಸಂಬಳ ಅರ್ಧಕ್ಕಿಂತ ಕಡಿಮೆಗೆ ಇಳಿಸಿಕೊಂಡರು. ಅರ್ಜೆಂಟೀನಾದ ಮನು ಜಿನೋಬಿಲಿಯನ್ನು 1999ರ ಆಯ್ಕೆಯಲ್ಲಿ 57ನೆಯವನಾಗಿ ಎತ್ತಿಕೊಂಡರು, ಮಿಕ್ಕಿದವರೆಲ್ಲ ಬಿಟ್ಟುಹೋದ ಮೇಲೆ. ಬೇರೆ ಯಾವ ತಂಡದಲ್ಲಾದರೂ ಆರಂಭದಿಂದ ಆಡುತ್ತಿದ್ದವರು, ಇಲ್ಲಿ ತಂಡಕ್ಕೆ ಒಳ್ಳೆಯದೆಂದು ಬೆಂಚಿನಲ್ಲಿ ಕೂತು ಆಮೇಲೆ ಇಳಿದರು.

ಆ ತಂಡ ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಒಂದು ಕಲ್ಲುಕುಟಿಗನ ಮಾತು ತೂಗುಹಾಕಿದೆ. ಜೇಕಬ್ ರೀಸ್ ಎಂಬ, ಡೆನ್ಮಾರ್ಕಿನಿಂದ ನ್ಯೂಯಾರ್ಕಿಗೆ ಹೋದ ಪತ್ರಕರ್ತ ಬರೆದದ್ದು. ಕಲ್ಲು ಸೀಳಿದ ಕೊನೆಯ ಪೆಟ್ಟಿಗೆ ಹೆಸರು ಬರುತ್ತದೆ, ಕೆಲಸ ಮಾಡಿದ್ದು ಹಿಂದಿನ ಪೆಟ್ಟುಗಳು ಎಂಬುದು ಅದರ ತಾತ್ಪರ್ಯ. ದೇಶದೇಶದಿಂದ ಬಂದ ಆಟಗಾರರಿಗೆ ಅವರವರ ಭಾಷೆಯಲ್ಲೇ ಅದನ್ನು ಬರೆಸಿ ಹಾಕಿದರಂತೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ನಗು ಬಂತು. ಚನ್ನರಾಯಪಟ್ಟಣ ತಾಲ್ಲೂಕಿನವನಿಗೆ ಕಲ್ಲಿನ ಪಾಠವನ್ನು ಟೆಕ್ಸಾಸಿನಿಂದ ತರಿಸಬೇಕೇ? ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರಿನ ಶ್ರವಣಬೆಳಗೊಳದಲ್ಲಿ ಐವತ್ತೆಂಟು ಅಡಿಯ ಗೊಮ್ಮಟ ಸಾವಿರ ವರ್ಷ ದಾಟಿ ನಿಂತಿದ್ದಾನೆ. ಕೆತ್ತಿಸಿದ ಚಾವುಂಡರಾಯನ ಹೆಸರು ಕಾಲಬುಡದಲ್ಲೇ ಇದೆ, ಉಳಿ ಹಿಡಿದವರ ಹೆಸರಿಲ್ಲ. ಸುತ್ತಲಿನ ಕಲ್ಲುಕುಟಿಗರು ಬಂಡೆ ಸೀಳುವುದನ್ನು ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಸಾಲಾಗಿ ಗುಳಿ ಹೊಡೆದು, ಕಬ್ಬಿಣದ ಬೆಣೆ ಇಟ್ಟು, ಒಂದೊಂದಕ್ಕೂ ಒಂದೊಂದು ಪೆಟ್ಟು ಹಾಕಿಕೊಂಡು ಹೋಗುವುದು, ಮತ್ತೆ ಮೊದಲಿಂದ ಬರುವುದು. ಯಾವ ಬೆಣೆಯೂ ಒಂಟಿಯಾಗಿ ಬಂಡೆಯನ್ನು ಸೀಳುವುದಿಲ್ಲ. ಒಂದಕ್ಕೆ ಜೋರಾಗಿ ಬಿದ್ದರೆ ಕಲ್ಲು ವಕ್ರವಾಗಿ ಒಡೆದು ಕೆಡುತ್ತದೆ.

ಬೆಟ್ಟದ ಮೇಲಿನ ಗೊಮ್ಮಟನ ಕಥೆಯೂ ಹಾಗೆಯೇ. ಅಣ್ಣನನ್ನು ಗೆದ್ದು, ಗೆದ್ದದ್ದನ್ನು ಬಿಟ್ಟುಕೊಟ್ಟವನು. ಸುಲಭಕ್ಕೆ ಕೈಗೆ ಸಿಗುವ ಹೋಲಿಕೆ ಅಂತ ಗೊತ್ತು. ಅದಕ್ಕೇ ಇಲ್ಲಿಗೇ ನಿಲ್ಲಿಸುತ್ತೇನೆ.

ಮತ್ತೆ ಕರ್ನಾಟಕಕ್ಕೆ. 1983ರ ಆಚೆ ಹನ್ನೆರಡು ವರ್ಷ ಬರ. ಆ ಬರದ ನಡುವೆಯೇ ವಿಶ್ವನಾಥ್ ಬೆಂಗಳೂರಿನ ಕ್ಲಬ್ ಪಂದ್ಯವೊಂದರಲ್ಲಿ ಎತ್ತರದ ಒಬ್ಬ ಹುಡುಗ ಬೌಲ್ ಮಾಡುವುದನ್ನು ನೋಡಿ ಆಯ್ಕೆಗಾರರಿಗೆ ಹೇಳಿದರು. 1989-90ರಲ್ಲಿ ಹೈದರಾಬಾದ್ ಎದುರು ಮೊದಲ ಪಂದ್ಯದಲ್ಲೇ ಆ ಹುಡುಗ ಹ್ಯಾಟ್ರಿಕ್ ತೆಗೆದ. ಶ್ರೀನಾಥ್. 1974ರ ತಂಡ 1999ರ ತಂಡಕ್ಕೆ ಕೈ ನೀಡಿದ್ದು ಹೀಗೆ, ಯಾವ ಕಾಗದಪತ್ರವೂ ಇಲ್ಲದೆ.

ಅಲ್ಲಿಂದ ಶ್ರೀನಾಥ್‌ಗೆ ಕಾಯುವುದು ಶುರುವಾಯಿತು. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಟೆಸ್ಟ್‌ಗೆ ಕಾಲಿಟ್ಟವರಿಗೆ ತವರಿನ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಕಪಿಲ್ ದೇವ್ ನಿವೃತ್ತರಾದ ಮೇಲೆ. ಮೂರು ವರ್ಷ ತವರಿನಲ್ಲಿ ಬೆಂಚು, ನೀರಿನ ಬಾಟಲಿ, ಟವೆಲು. ದೇಶದ ಅತ್ಯಂತ ವೇಗದ ಬೌಲರನನ್ನು ಹಾಗೆ ಕೂರಿಸಿದ್ದು ಅನ್ಯಾಯ ಅಂತ ಈಗಲೂ ಅನ್ನಿಸುತ್ತದೆ. ಕಾಯಿಸುವುದನ್ನೆಲ್ಲ ಮೌಲ್ಯ ಅಂದರೆ ಸೋಮಾರಿ ಆಯ್ಕೆಗಾರರಿಗೆ ಹಬ್ಬ. ಆದರೆ ಸರದಿ ಬಂದ ದಿನ ಅವರು ಗೊಣಗಲಿಲ್ಲ. ಆ ಪಂದ್ಯದಲ್ಲೇ ಪಂದ್ಯಶ್ರೇಷ್ಠರಾದರು.

1996ರ ಅಕ್ಟೋಬರಿನಲ್ಲಿ ಶ್ರೀನಾಥ್ ಗಾಯಗೊಂಡು ಆಸ್ಟ್ರೇಲಿಯಾ ಎದುರಿನ ಕೋಟ್ಲಾ ಟೆಸ್ಟ್ ತಪ್ಪಿಸಿಕೊಂಡಾಗ ಅವರ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್, ಹುಟ್ಟೂರು ಅರಸೀಕೆರೆ. ಜಾವಗಲ್ ಹೆಸರಿನವನ ಕೈಯಿಂದ ಅರಸೀಕೆರೆಯವನ ಕೈಗೆ ಭಾರತದ ಹೊಸ ಚೆಂಡು! ಒಂದೇ ತಾಲ್ಲೂಕು. ಹಿಂದಿನ ರಣಜಿ ಋತುವಿನಲ್ಲಿ ಕೇರಳದ ಎದುರು 152 ರನ್‌ಗೆ ಹತ್ತು ವಿಕೆಟ್ ಕಿತ್ತದ್ದು ಜಾನ್ಸನ್‌ಗೆ ಬಾಗಿಲು ತೆರೆದಿತ್ತು. ಎರಡೇ ಟೆಸ್ಟ್, ಮೂರೇ ವಿಕೆಟ್. ಆಮೇಲೆ ಬಾಗಿಲು ಮುಚ್ಚಿತು. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮಂದಿಗೆ ಇವರು ನಮ್ಮ ಕಡೆಯವರು ಎಂದು ಗೊತ್ತಾದದ್ದೇ ಆಗ. ಎರಡನೆಯವನ ಪಾಡು ಇಷ್ಟೇ. ಚರಿತ್ರೆ ಮೊದಲನೆಯವನ ಜತೆ ಹೊರಟುಹೋಗುತ್ತದೆ.

ಬರ ಮುಗಿದದ್ದು 1995-96ರಲ್ಲಿ. ಫೈನಲ್ ಚೆಪಾಕ್‌ನಲ್ಲಿ, ತಮಿಳುನಾಡಿನ ಎದುರು. ಅರವತ್ತೊಂದು ವರ್ಷದ ಹಿಂದೆ 48 ಮತ್ತು 59ಕ್ಕೆ ಗಂಟುಮೂಟೆ ಕಟ್ಟಿದ್ದ ಅದೇ ಅಂಗಳದಲ್ಲಿ ಈ ಸಲ 620 ರನ್. ರಾಹುಲ್ ದ್ರಾವಿಡ್ 114. ಆಮೇಲೆ 1997-98, 1998-99. ಕೊನೆಯದು ಬೆಂಗಳೂರಿನಲ್ಲಿ ಮಧ್ಯಪ್ರದೇಶದ ಎದುರು. ಮೊದಲ ಇನ್ನಿಂಗ್ಸಿನಲ್ಲಿ ಹಿಂದೆ ಬಿದ್ದು, ಕಪ್ ಕೈಬಿಟ್ಟಂತೆಯೇ ಇದ್ದಾಗ ಕೊನೆಯ ದಿನ ಪೂರ್ತಿ ಗೆಲುವು ಬೇಕೇಬೇಕಿತ್ತು. ತಂದುಕೊಟ್ಟದ್ದು ಕುಂಬ್ಳೆ, ಶ್ರೀನಾಥ್ ಅಲ್ಲ, ವಿಜಯ್ ಭಾರದ್ವಾಜ್. ಬ್ಯಾಟ್ಸ್‌ಮನ್ ಆಗಿದ್ದವರು ತಮ್ಮ ಆಫ್ ಸ್ಪಿನ್‌ನಿಂದ ಆರು ವಿಕೆಟ್ ಬಿಡಿಸಿದರು. 96 ರನ್ ಗೆಲುವು. ದೊಡ್ಡ ಹೆಸರಿನವರು ಭಾರತಕ್ಕೆ ಆಡಲು ಹೋದಾಗ ಉಳಿದವರು ಮನೆ ನಡೆಸಿದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮುಂದಿನ ಹದಿನೈದು ವರ್ಷ ಕಪ್ ಇಲ್ಲ. ತಾರೆಗಳು ಭಾರತ ತಂಡದಲ್ಲೇ ಇರುತ್ತಿದ್ದರು. ಬೆಂಗಳೂರಿನ ಆಚೆ ಒಳ್ಳೆಯ ಪಿಚ್ಚು, ಪೆವಿಲಿಯನ್ ಎಷ್ಟಿದ್ದವು? ಜಿಲ್ಲೆಯ ಹುಡುಗ ಆಡಬೇಕೆಂದರೆ ರಾತ್ರಿ ಬಸ್ಸು ಹಿಡಿದು, ಕಿಟ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಹೋಗಿ ಯಾರಾದರೂ ನೆಂಟರ ಮನೆಯ ಹಜಾರದಲ್ಲಿ ಮಲಗಬೇಕು. ಮೌಲ್ಯ ಅಂತ ನಾವು ಹೊಗಳುವ ಮನೆತನಕ್ಕೆ ತನ್ನದೇ ಹಟ್ಟಿಯ ಮಕ್ಕಳು ಕಾಣದೆ ಹೋದ ಕಾಲವೂ ಇತ್ತು.

2010ರ ಜನವರಿಯ ಮೈಸೂರು ಇದನ್ನೆಲ್ಲ ಬಯಲಿಗೆ ತಂದಿತು. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಫೈನಲ್, ಎದುರಿಗೆ ಮುಂಬೈ. ಬೆಂಗಳೂರಿನಲ್ಲಿ ರಣಜಿಗೆ ಬೆರಳೆಣಿಕೆ ಜನ ಬಂದರೆ ಇಲ್ಲಿ ಸಾವಿರಾರು ಮಂದಿ, ಮರದ ಮೇಲೂ ಜನ. ಹಾಸನದ ಕಡೆಯಿಂದಲೂ ಹೋದವರುಂಟು. ಮೊದಲ ಸರದಿಯಲ್ಲಿ 130ಕ್ಕೆ ಕುಸಿದ ಕರ್ನಾಟಕಕ್ಕೆ ಗೆಲ್ಲಲು 338 ಬೇಕಿತ್ತು. ಇಪ್ಪತ್ತರ ಹರೆಯದ ಮನೀಶ್ ಪಾಂಡೆ 144 ಹೊಡೆದು ಹತ್ತಿರ ಹತ್ತಿರ ತಂದರು. ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ತಂಡ 331ಕ್ಕೆ ಆಲೌಟ್. ಆರು ರನ್! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಗೆದ್ದರು. ಮೂರು ವರ್ಷದ ಆಡಳಿತ. ಅದರ ಮೇಲೆ ಟೀಕೆಗಳೂ ಬಂದವು, ರಾಜಕೀಯವೂ ಇತ್ತು. ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ಆಟ ಶುರುವಾದದ್ದು ಆ ಕಾಲದಲ್ಲಿ, ಹೊರಗಿನ ಜಿಲ್ಲೆಗಳ ಅಂಗಳಗಳಿಗೆ ಹಣ ಹರಿದದ್ದೂ ಆಗಲೇ.

ಬೆಳೆ ಬಂದದ್ದು ಆಮೇಲೆ. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕರಾದರು. ಸಾಧಾರಣ ವೇಗ, ಅಸಾಧಾರಣ ಹಟ. ಮೈಸೂರಿನ ಸೋಲಿನಲ್ಲಿ ಆಡಿದ್ದವರು. ಕೋಚ್ ಆಗಿ 1990ರ ದಶಕದ ಆರಂಭಿಕ ಬ್ಯಾಟ್ಸ್‌ಮನ್ ಜೆ. ಅರುಣ್‌ಕುಮಾರ್, ಬೌಲಿಂಗಿಗೆ ಮನ್ಸೂರ್ ಅಲಿ ಖಾನ್, ಇಬ್ಬರೂ ಇದೇ ತಂಡದ ಹಳಬರು. 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿದರು. ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ಒಂದೇ ಋತುವಿನಲ್ಲಿ. ಮರುವರ್ಷ ಮತ್ತೆ ಮೂರೂ. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ವಿನಯ್ ಐದು ವಿಕೆಟ್ ತೆಗೆದು 134ಕ್ಕೆ ಕಟ್ಟಿಹಾಕಿದರು. ಆದರೆ ಕರ್ನಾಟಕವೂ 84ಕ್ಕೆ ಐದು. ಅಲ್ಲಿಂದ ಕರುಣ್ ನಾಯರ್ ಮತ್ತು ಗಾಯಗೊಂಡಿದ್ದರೂ ಬ್ಯಾಟು ಹಿಡಿದು ಬಂದ ಕೆ.ಎಲ್. ರಾಹುಲ್ ಸೇರಿ ದಿನವಿಡೀ ಬಂಡೆಗೆ ಬೆಣೆ ಬಡಿದಂತೆ ಆಡಿದರು. ಕರುಣ್ 328, ರಣಜಿ ಫೈನಲ್ಲುಗಳಲ್ಲೇ ಅತಿ ಹೆಚ್ಚು. ರಾಹುಲ್ 188. ಕೊನೆಗೆ ನಾಯಕ ವಿನಯ್ ಔಟಾಗದೆ 105. ಒಟ್ಟು 762. ಇನ್ನಿಂಗ್ಸ್ ಮತ್ತು 217 ರನ್ ಗೆಲುವು, ಎಂಟನೇ ಕಪ್.

ಅಲ್ಲಿಂದೀಚೆಗೆ ಮತ್ತೆ ಕಾಯುವ ಕಾಲ. 2019ರಲ್ಲಿ ರಾಜ್ಯದ ಟಿ20 ಲೀಗಿನಲ್ಲಿ ಫಿಕ್ಸಿಂಗ್ ಆರೋಪ ಬಂದು ಆಟಗಾರರ ಬಂಧನವಾಯಿತು. 2022ರಲ್ಲಿ ಹೈಕೋರ್ಟು ಆ ಪ್ರಕರಣದಲ್ಲಿ ವಂಚನೆ ಅಪರಾಧ ನಿಲ್ಲುವುದಿಲ್ಲ ಎಂದಿತು. ಕಾನೂನು ಬಿಟ್ಟಿತು, ಮನಸ್ಸಿನಲ್ಲಿ ಉಳಿದ ಕಲೆ ಬೇರೆ. ಪ್ರಸನ್ನ, ವಿಶ್ವನಾಥರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಆ ರೂಢಿ ಯಾರಿಗೂ ತಾನಾಗಿ ಬರುವುದಿಲ್ಲ.

ಆ ಟಿವಿ ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರು, ಚಾರ್ಜರು ಮಾರುತ್ತಾರೆ. ಮೊನ್ನೆ ಅಲ್ಲೇ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಕೋಟ್ಲಾದ ಸ್ಕೋರ್‌ಕಾರ್ಡ್ ತೆಗೆದು ನೋಡಿದೆ. ಆ ದಿನ ಅಂಪೈರ್ ಆಗಿ ನಿಂತಿದ್ದವರಲ್ಲಿ ಒಬ್ಬರು ಎ.ವಿ. ಜಯಪ್ರಕಾಶ್, 1970ರ ದಶಕದಲ್ಲಿ ಕರ್ನಾಟಕದ ಪರ ರಣಜಿ ಆಡಿದವರು. ಪಾಕಿಸ್ತಾನದವರು ಅವರ ತೀರ್ಪುಗಳ ಬಗ್ಗೆ ಆಗಲೂ ಗೊಣಗಿದ್ದರು, ಈಗಲೂ ಗೊಣಗುತ್ತಾರೆ. 1974ರ ಇಸ್ಮಾಯಿಲ್ ಚೆಂಡು ನೆನಪಾಯಿತು. ಕೆಳಗೆ ಬೌಲರುಗಳ ಪಟ್ಟಿ. ಕುಂಬ್ಳೆ, 26.3 ಓವರ್, 74 ರನ್, 10 ವಿಕೆಟ್. ಅದೇ ಪಟ್ಟಿಯಲ್ಲಿ ಜಾವಗಲ್ ಶ್ರೀನಾಥ್, ವಿಕೆಟ್ ಸೊನ್ನೆ. ಆ ವೈಡುಗಳು ಇತರೆ ರನ್ನುಗಳ ಸಾಲಿನಲ್ಲಿ ಸೇರಿಹೋಗಿವೆ. ಯಾಕೆ ಹಾಕಿದ್ದು ಅಂತ ಅಲ್ಲೆಲ್ಲೂ ಬರೆದಿಲ್ಲ.